ನಿಮ್ಮ ಟೀಮ್ ಯಾವುದು? ಮರೆಯಲಾಗದ ಫುಟಿ ದಿನ ಯಾವುದು?

ಟಾರ್ನೀಟ್_ಗೌಡ

ಮೆಲ್ಬರ್ನ್‌ಗೆ ಬಂದ ಮೊದಲ ವಾರ ಆಫೀಸಿನಲ್ಲಿ ನನಗೆ ಮೂರು ಪ್ರಶ್ನೆ ಕೇಳಿದರು. ನಿನ್ನ ಹೆಸರು ಹೇಗೆ ಕೂಗಬೇಕು, ಕಾಫಿಗೆ ಸಕ್ಕರೆ ಎಷ್ಟು, ಫುಟಿಯಲ್ಲಿ, ಅಂದರೆ ಇಲ್ಲಿಯವರ ಆಸ್ಟ್ರೇಲಿಯನ್ ಫುಟ್‌ಬಾಲ್‌ನಲ್ಲಿ, ಯಾವ ಟೀಮ್. ಮೊದಲೆರಡಕ್ಕೆ ಉತ್ತರ ಇತ್ತು. ಮೂರನೆಯದಕ್ಕೆ "ನಾನು ಕ್ರಿಕೆಟ್ ನೋಡುವವನು" ಅಂದೆ. "ಅದು ಬೇಸಿಗೆಗಾಯಿತು. ಚಳಿಗಾಲಕ್ಕೆ?" ಅಂತ ತಿರುಗಿ ಕೇಳಿದರು.

ಆಗ ನಾನಿದ್ದದ್ದು ಫುಟ್ಸ್‌ಕ್ರೇ ಸ್ಟೇಷನ್ ಹತ್ತಿರ ಒಂದು ರೂಮಿನಲ್ಲಿ. ವಿಳಾಸ ಹೇಳಿದ ಕೂಡಲೇ ತೀರ್ಮಾನ ಆಗಿಹೋಯಿತು, ನೀನು ಬುಲ್‌ಡಾಗ್ಸ್ ಅಂತ. ಊರಲ್ಲಿ ಯಾವ ಕೇರಿ ಅಂತ ಕೇಳಿ ಯಾರ ಮಗ ಅಂತ ಗೊತ್ತು ಮಾಡಿಕೊಳ್ಳುತ್ತಾರಲ್ಲ, ಹಾಗೆ. ಆ ವರ್ಷ ಟೀಮ್ ಗೆದ್ದದ್ದಕ್ಕಿಂತ ಸೋತಿದ್ದೇ ಜಾಸ್ತಿ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಲು ನಾಚಿಕೆ ಆಗುತ್ತಿತ್ತು, ನಾನೇ ಬಾಲ್ ಬಿಟ್ಟವನ ಹಾಗೆ.

ಆಮೇಲೆ 2016. ಪಟ್ಟಿಯಲ್ಲಿ ಏಳನೇ ಸ್ಥಾನದಿಂದ ಫೈನಲ್ಸ್‌ಗೆ, ಅಂದರೆ ಸೀಸನ್ ಕೊನೆಯ ಕಪ್ ಸುತ್ತಿಗೆ ಬಂದರು. ಪರ್ತ್‌ಗೆ ಹೋಗಿ ವೆಸ್ಟ್ ಕೋಸ್ಟ್ ಅನ್ನು ಹೊಡೆದರು. ಮೂರು ವರ್ಷದಿಂದ ಕಪ್ ಬಿಟ್ಟುಕೊಡದಿದ್ದ ಹಾಥಾರ್ನ್ ಅನ್ನು ಹೊಡೆದರು. ಜಯಂಟ್ಸ್ ಮೇಲೆ ಅವರ ಅಂಗಳದಲ್ಲೇ 6 ಪಾಯಿಂಟ್‌ನಲ್ಲಿ ಗೆದ್ದರು. ಕೊನೆಗೆ ಅಕ್ಟೋಬರ್ 1ರಂದು ಎಂಸಿಜಿಯಲ್ಲಿ ಸಿಡ್ನಿ ಮೇಲೆ 89-67. ಅದಕ್ಕೆ ಮುಂಚೆ ಕಪ್ ಬಂದದ್ದು 1954ರಲ್ಲಿ, ಅಂದರೆ 62 ವರ್ಷದ ಹಿಂದೆ.

ನನಗೆ ಟಿಕೆಟ್ ಸಿಗಲಿಲ್ಲ, ಮನೆಯಲ್ಲೇ ನೋಡಿದೆ. ಕೋಚ್ ಲ್ಯೂಕ್ ಬೆವರಿಜ್ ತಮ್ಮ ಕೊರಳಿಗೆ ಹಾಕಿದ ಮೆಡಲ್ ತೆಗೆದು, ಮಂಡಿ ಏಟಿನಿಂದ ಸೀಸನ್‌ನ ಬಹುಪಾಲು ಹೊರಗೆ ಕೂತಿದ್ದ ಕ್ಯಾಪ್ಟನ್ ಬಾಬ್ ಮರ್ಫಿಯನ್ನು ವೇದಿಕೆಗೆ ಕರೆದು ಅವರಿಗೆ ಹಾಕಿದರು. ಆಗ ನನ್ನ ಹೆಂಡತಿ ಅಡುಗೆಮನೆಯಿಂದ ಬಂದು "ಯಾರು ಸತ್ತರು?" ಅಂತ ಕೇಳಿದಳು. ನಾನು ಅಷ್ಟು ಅಳುತ್ತಿದ್ದೆ.

ಈಗ ನಿಮ್ಮ ಸರದಿ. ಟೀಮ್ ಯಾವುದು, ಹೇಗೆ ಅಂಟಿಕೊಂಡಿತು, ಯಾವ ದಿನ ಇನ್ನೂ ತಲೆಯಲ್ಲಿದೆ?

ಹೊಸದಾಗಿ_ಬಂದವ

ಅಣ್ಣ, ನಾನು ಬಂದು ನಾಲ್ಕು ತಿಂಗಳಾಯಿತು. ಇನ್ನೂ ಸ್ಕೋರೇ ಅರ್ಥ ಆಗಿಲ್ಲ. 13.11 ಅಂತ ಬರೆದು ಪಕ್ಕದಲ್ಲಿ 89 ಅಂತ ಯಾಕೆ ಬರೆಯುತ್ತಾರೆ? ಇದು ಯಾವ ಗಣಿತ?

ಟಾರ್ನೀಟ್_ಗೌಡ

ನಾಲ್ಕು ಕಂಬ ಇರುತ್ತದಲ್ಲ, ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲ್, 6 ಪಾಯಿಂಟ್. ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ಹೋದರೆ ಬಿಹೈಂಡ್, 1 ಪಾಯಿಂಟ್. 13 ಗೋಲಿಗೆ 78, ಅದಕ್ಕೆ 11 ಬಿಹೈಂಡ್ ಸೇರಿಸು, 89. ಒಟ್ಟಿನಲ್ಲಿ ಗುರಿ ತಪ್ಪಿದರೂ ಒಂದು ಮಾರ್ಕ್ಸ್ ಕೊಡುವ ಮೇಷ್ಟ್ರು ಇದ್ದ ಹಾಗೆ. ಇಡೀ ದಿನ ಗುರಿ ತಪ್ಪಿಸಿಕೊಂಡೇ ಗೆದ್ದ ಟೀಮ್‌ಗಳೂ ಇವೆ.

ಸಿಡ್ನಿ_ಸೀನ

ಬಂದೆ ನಾನು. ಇಲ್ಲಿ ಸಿಡ್ನಿಯಲ್ಲಿ ಇದಕ್ಕೆ ಹಳೆಯ ಹೆಸರೊಂದಿದೆ, ಏರಿಯಲ್ ಪಿಂಗ್‌ಪಾಂಗ್. ನಿಜವಾಗಿ ಹೇಳಿ, 36 ಜನ ಒಂದು ಮೊಟ್ಟೆಯಾಕಾರದ ಬಾಲ್ ಹಿಂದೆ ಓಡುವುದನ್ನು ನೋಡಿ ಅಳುತ್ತೀರಾ? ನಮ್ಮ ಕಡೆ ರಗ್ಬಿ ಲೀಗ್ ಇದೆ, ಅದರಲ್ಲಾದರೂ ಯಾರು ಯಾವ ಕಡೆ ಹೋಗುತ್ತಿದ್ದಾರೆ ಅಂತ ಗೊತ್ತಾಗುತ್ತದೆ.

ಮ್ಯಾಗ್ಪೈ_ಮೂರ್ತಿ

ಸೀನ, ನಿನ್ನ ವಿಚಾರ ಆಮೇಲೆ.

ನಾನು ಕಾಲಿಂಗ್‌ವುಡ್. ಬೈಯುವವರು ಈಗಲೇ ಬೈದುಬಿಡಿ. ನಮ್ಮನ್ನು ದ್ವೇಷಿಸುವುದು ಈ ಊರಲ್ಲಿ ಪ್ರತ್ಯೇಕ ಆಟ. "ನಿಮ್ಮ ಟೀಮ್ ಯಾವುದು" ಅಂತ ಕೇಳಿದರೆ ಕೆಲವರು ಎರಡು ಉತ್ತರ ಕೊಡುತ್ತಾರೆ: ನಮ್ಮ ಟೀಮ್, ಮತ್ತು ಅವತ್ತು ಕಾಲಿಂಗ್‌ವುಡ್ ವಿರುದ್ಧ ಯಾರು ಆಡುತ್ತಾರೋ ಆ ಟೀಮ್.

ನನ್ನ ದಿನ 2010ರ ಸೆಪ್ಟೆಂಬರ್ 25. ನಾವು ಮತ್ತು ಸೇಂಟ್ ಕಿಲ್ಡಾ. ಜೀವನದಲ್ಲಿ ಮೊದಲ ಸಲ ಗ್ರ್ಯಾಂಡ್ ಫೈನಲ್ ಟಿಕೆಟ್ ಸಿಕ್ಕಿತ್ತು. ಅರ್ಧ ಆಟಕ್ಕೆ 24 ಪಾಯಿಂಟ್ ಮುಂದಿದ್ದೆವು. ಗೆದ್ದೇಬಿಟ್ಟೆವು ಅಂದುಕೊಂಡು ಬಕೆಟ್ ಚಿಪ್ಸ್ ತಗೊಂಡು ಬಂದೆ. ಆಮೇಲೆ ಅವರು ಬಂದರು ನೋಡಿ, ಒಂದೊಂದೇ ಗೋಲ್. ಕೊನೆಯಲ್ಲಿ ನಾವು ಒಂದೇ ಪಾಯಿಂಟ್ ಮುಂದೆ. ಅವರ ಲೆನ್ನಿ ಹೇಯ್ಸ್ ದೂರದಿಂದ ಒದ್ದ. ಬಾಲ್ ಗೋಲ್ ಮುಂದೆ ಬಿತ್ತು, ಸ್ಟೀಫನ್ ಮಿಲ್ನ್ ಅದರ ಹಿಂದೆ ಓಡುತ್ತಿದ್ದಾನೆ, ಕೈಗೆ ಬಂದರೆ ಆಟ ಮುಗಿಯಿತು. ಆ ಬಾಲ್ ಏನು ಮಾಡಿತು ಗೊತ್ತಾ? ಅವನ ಕೈಗೆ ಹೋಗುವ ಬದಲು ಪಕ್ಕಕ್ಕೆ ಪುಟಿದು ಬಿಹೈಂಡ್ ಸಂದಿಗೆ ಹೋಯಿತು. ಒಂದು ಪಾಯಿಂಟ್. 68-68.

ಸೀನ, ದುಂಡಗಿನ ಬಾಲ್ ಆಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸೈರನ್ ಆಯಿತು. ಒಂದು ಲಕ್ಷ ಜನ ಇದ್ದ ಸ್ಟೇಡಿಯಂ ಗಪ್‌ಚುಪ್. ಆಟಗಾರರು ಇದ್ದ ಇದ್ದಲ್ಲೇ ನೆಲಕ್ಕೆ ಕೂತರು. ಪಕ್ಕದವನನ್ನು "ಸೂಪರ್ ಓವರ್ ಇಲ್ವಾ?" ಅಂತ ಕೇಳಿದೆ. ಅವನು "ಮುಂದಿನ ಶನಿವಾರ ಬಾ" ಅಂದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಇಲ್ಲ, ಆಗಿನ ನಿಯಮವೇ ಹಾಗೆ, ಇಡೀ ಮ್ಯಾಚ್ ಮತ್ತೆ ಆಡಬೇಕು. ಮದುವೆ ಮನೆಯಲ್ಲಿ ಎಲೆ ಹಾಕಿ, ಉಪ್ಪು ಬಡಿಸಿ, ಎದ್ದು ಮುಂದಿನ ವಾರ ಬನ್ನಿ ಅಂದ ಹಾಗಾಯಿತು.

ಮುಂದಿನ ಶನಿವಾರ ನಾನು ಊರಿಗೆ ಹೊರಟಿದ್ದೆ. ತಮ್ಮನ ಮನೆ ಗೃಹಪ್ರವೇಶ, ಆರು ತಿಂಗಳ ಹಿಂದೆಯೇ ಮಾಡಿದ ಬುಕಿಂಗ್. ಏರ್‌ಪೋರ್ಟ್ ಗೇಟಿನ ಹತ್ತಿರ ಟಿವಿ ಇತ್ತು. ಮೊದಲ ಕ್ವಾರ್ಟರ್‌ನಲ್ಲಿ ಅವರ ನಿಕ್ ರೀವೋಲ್ಟ್ ಖಾಲಿ ಗೋಲ್ ಮುಂದೆ ಒದೆಯಲು ಹೋದಾಗ ಹಿಂದಿನಿಂದ ನಮ್ಮ ಹೀತ್ ಶಾ ಹಾರಿ ಬಂದು ಎರಡೂ ಕೈಯಲ್ಲಿ ತಡೆದುಬಿಟ್ಟ. ಅಷ್ಟೇ ನೋಡಿದ್ದು. ಬೋರ್ಡಿಂಗ್ ಅಂತ ಕೂಗಿದರು. ಸಿಂಗಾಪುರದಲ್ಲಿ ಇಳಿದ ಮೇಲೆ ಫೋನ್ ಹಾಕಿದರೆ 56 ಪಾಯಿಂಟ್‌ನಲ್ಲಿ ಗೆದ್ದಿದ್ದೇವೆ. ನಾನು ಕಣ್ಣಾರೆ ನೋಡಿದ್ದು ಗೆಲ್ಲದ ಫೈನಲ್, ಗೆದ್ದದ್ದು ನೋಡದ ಫೈನಲ್. ಗೃಹಪ್ರವೇಶದಲ್ಲಿ ಯಾರಿಗೆ ಹೇಳಿದರೂ "ಫುಟ್‌ಬಾಲ್ ಅಲ್ವಾ, ಬ್ರೆಜಿಲ್ ಇತ್ತಾ?" ಅನ್ನುತ್ತಿದ್ದರು.

2016ರಿಂದ ನಿಯಮ ಬದಲಾಯಿತು, ಈಗ ಟೈ ಆದರೆ ಅಲ್ಲೇ ಹೆಚ್ಚುವರಿ ಸಮಯ. ನನಗೆ ಹಳೆಯದೇ ಇಷ್ಟ ಅಂದರೆ ನಂಬುತ್ತೀರಾ?

ರಿಚ್ಮಂಡ್_ರಾಣಿ

ನಂಬಲ್ಲ. ಟಿಕೆಟ್ ದುಡ್ಡು ಎರಡು ಸಲ ಕೊಡುವವರು ಯಾರು?

ಹಳೇಬೇರು

ಮಕ್ಕಳೇ, ನಾನು ಬಂದದ್ದು 1986ರಲ್ಲಿ. ಆಗ ಇಲ್ಲಿ ಕನ್ನಡ ಮಾತಾಡುವ ಮನೆಗಳು ಬೆರಳೆಣಿಕೆ. ಎಂಸಿಜಿ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಚಂದ್ರಶೇಖರ್ ಒಬ್ಬರೇ. 1977ರ ಡಿಸೆಂಬರ್ ಕೊನೆಗೆ ಶುರುವಾದ ಟೆಸ್ಟ್, ಎರಡೂ ಇನಿಂಗ್ಸ್‌ನಲ್ಲಿ 52 ರನ್‌ಗೆ 6 ವಿಕೆಟ್. ಎರಡು ಸಲವೂ ಅದೇ ಲೆಕ್ಕ! ಆಸ್ಟ್ರೇಲಿಯಾ ನೆಲದಲ್ಲಿ ಇಂಡಿಯಾದ ಮೊದಲ ಗೆಲುವು. ಮೈಸೂರಿನಲ್ಲಿ ಬೆಳಗಿನ ಜಾವ ಕಂಬಳಿ ಹೊದ್ದುಕೊಂಡು ರೇಡಿಯೋಗೆ ಕಿವಿ ಇಟ್ಟಿದ್ದೆ. ಹಾಗಾಗಿ ಇಲ್ಲಿಗೆ ಬಂದ ಮೊದಲ ವಾರಾಂತ್ಯದಲ್ಲೇ ಆ ಗ್ರೌಂಡ್ ನೋಡಲು ಹೋದೆ. ಜುಲೈ ತಿಂಗಳು. ಒಳಗೆ ಹೋದರೆ ಪಿಚ್ ಇರಬೇಕಾದ ಜಾಗದಲ್ಲಿ ಕೆಸರು, ತೋಳಿಲ್ಲದ ಬನಿಯನ್ ಹಾಕಿಕೊಂಡ ಗಂಡಸರು ಆ ಕೆಸರಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾರೆ. ಚಂದ್ರ ಬೌಲ್ ಮಾಡಿದ ಜಾಗದ ಮೇಲೆ! ನನಗೆ ಸಿಟ್ಟೇ ಬಂತು.

ಆಮೇಲೆ ತಿಳಿಯಿತು, ಈ ಆಟ ಹುಟ್ಟಿದ್ದೇ ಕ್ರಿಕೆಟ್‌ನವರಿಂದ ಅಂತ. 1858ರಲ್ಲಿ ಟಾಮ್ ವಿಲ್ಸ್ ಅನ್ನುವ ಕ್ರಿಕೆಟಿಗ ಪತ್ರಿಕೆಗೆ ಒಂದು ಪತ್ರ ಬರೆದ. ಚಳಿಗಾಲದಲ್ಲಿ ನಮ್ಮ ಆಟಗಾರರು ಜಡ ಹಿಡಿಯಬಾರದು, ಒಂದು ಫುಟ್‌ಬಾಲ್ ಕ್ಲಬ್ ಮಾಡೋಣ ಅಂತ. ಮುಂದಿನ ವರ್ಷ ನಿಯಮ ಬರೆದರು. ಮೊದಮೊದಲು ಎಂಸಿಜಿ ಪಕ್ಕದ ಪಾರ್ಕಿನಲ್ಲಿ ಆಡಿದರು, ಆಮೇಲೆ ಕ್ರಿಕೆಟ್ ಮೈದಾನಕ್ಕೆ ಬಂದರು. ಆಟದ ಅಂಗಳ ಇವತ್ತಿಗೂ ಮೊಟ್ಟೆಯ ಆಕಾರದಲ್ಲಿದೆ. ಕೀತ್ ಮಿಲ್ಲರ್ ಸೇಂಟ್ ಕಿಲ್ಡಾ ಪರ ಫುಟಿ ಆಡಿದ್ದರು, ಮ್ಯಾಕ್ಸ್ ವಾಕರ್ ಮೆಲ್ಬರ್ನ್ ಪರ. ಈಗ ಪಿಚ್ ಬೇರೆ ಕಡೆ ಬೆಳೆಸಿ ಬೇಸಿಗೆಗೆ ತಂದು ಕೂರಿಸುತ್ತಾರೆ, ಅದಕ್ಕೆ ಆ ಕೆಸರು ಇಲ್ಲ.

ನನ್ನ ಕಥೆ ನನ್ನದಲ್ಲ, ಪಕ್ಕದ ಮನೆಯವರದು. ಬ್ರನ್ಸ್‌ವಿಕ್‌ನಲ್ಲಿ ನಮ್ಮ ಬೇಲಿಯ ಆಚೆ ಒಬ್ಬ ಮುದುಕಪ್ಪ ಇದ್ದರು. ಹುಟ್ಟಿದ್ದು ಫಿಟ್ಜ್‌ರಾಯ್, ಉಸಿರು ಫಿಟ್ಜ್‌ರಾಯ್. 1883ರಲ್ಲಿ ಹುಟ್ಟಿದ ಕ್ಲಬ್. ಎಂಟು ಸಲ ಕಪ್ ಗೆದ್ದಿತ್ತು, ಆದರೆ ಕೊನೆಯದು 1944ರಲ್ಲಿ. ನಾನು ಬಂದ ಮೇಲೆ ಅದಕ್ಕೆ ಸ್ವಂತ ಮನೆಯೇ ಇರಲಿಲ್ಲ. ಒಂದಷ್ಟು ವರ್ಷ ಕಾರ್ಲ್ಟನ್‌ನವರ ಪ್ರಿನ್ಸಸ್ ಪಾರ್ಕ್‌ನಲ್ಲಿ ಬಾಡಿಗೆ, ಆಮೇಲೆ ಫುಟ್ಸ್‌ಕ್ರೇಯ ವಿಟನ್ ಓವಲ್‌ನಲ್ಲಿ. ಕೈಯಲ್ಲಿ ಕಾಸಿಲ್ಲ. ಮುದುಕಪ್ಪನಿಗೆ ಕಾರ್ಲ್ಟನ್ ಕಂಡರೆ ಆಗುತ್ತಿರಲಿಲ್ಲ, ಅಂಥದ್ದರಲ್ಲಿ ಅವರ ಅಂಗಳಕ್ಕೇ ಹೋಗಿ ತನ್ನ ಟೀಮ್ ನೋಡಬೇಕು. "ಬಾಡಿಗೆದಾರನಿಗೆ ಮಾನ ಇಲ್ಲ" ಅನ್ನುತ್ತಿದ್ದರು. ಬಾಡಿಗೆ ಮನೆಯಲ್ಲಿದ್ದ ನನಗೆ ಅದು ಚೆನ್ನಾಗಿ ಅರ್ಥ ಆಗುತ್ತಿತ್ತು.

1996ರಲ್ಲಿ ಕ್ಲಬ್ ಅನ್ನು ಬ್ರಿಸ್ಬೇನ್ ಜೊತೆ ಸೇರಿಸುವುದು ಅಂತ ಆಯಿತು. ಆ ವರ್ಷ ಗೆದ್ದದ್ದು ಒಂದೇ ಒಂದು ಮ್ಯಾಚ್. ಆಗಸ್ಟ್ 25, ಮೆಲ್ಬರ್ನ್‌ನಲ್ಲಿ ಕೊನೆಯ ಆಟ, ಎಂಸಿಜಿಯಲ್ಲಿ ರಿಚ್ಮಂಡ್ ವಿರುದ್ಧ. ನನ್ನನ್ನೂ ಕರೆದುಕೊಂಡು ಹೋದರು. 151 ಪಾಯಿಂಟ್‌ನಲ್ಲಿ ಸೋಲು. ನಾಲ್ಕನೇ ಕ್ವಾರ್ಟರ್‌ನಲ್ಲಿ ಅವರು ಆಟ ನೋಡುತ್ತಲೇ ಇರಲಿಲ್ಲ, ಸ್ಕಾರ್ಫಿನ ಎಳೆ ಎಣಿಸುತ್ತಿದ್ದರು. ಸೈರನ್ ಆದ ಮೇಲೂ ಏಳಲಿಲ್ಲ. ಗುಡಿಸುವವರು ನಮ್ಮ ಸಾಲಿಗೆ ಬಂದ ಮೇಲೆ ಎದ್ದೆವು.

ಆಮೇಲೆ ಫುಟಿ ಬಿಟ್ಟೇಬಿಟ್ಟರು. ಶನಿವಾರ ಮಧ್ಯಾಹ್ನ ಎರಡಕ್ಕೆ, ಸರಿಯಾಗಿ ಮ್ಯಾಚ್ ಶುರುವಾಗುವ ಹೊತ್ತಿಗೆ, ಹುಲ್ಲು ಕತ್ತರಿಸುವ ಮೆಷಿನ್ ಹಾಕುತ್ತಿದ್ದರು. ಹುಲ್ಲು ಇರಲಿ ಬಿಡಲಿ. ಐದು ವರ್ಷ ಹೀಗೇ ನಡೆಯಿತು. 2001ರ ಸೆಪ್ಟೆಂಬರ್ 29, ಬ್ರಿಸ್ಬೇನ್ ಲಯನ್ಸ್ ಮತ್ತು ಎಸೆಂಡನ್ ಗ್ರ್ಯಾಂಡ್ ಫೈನಲ್. ಮೆಷಿನ್ ಸದ್ದು ಕೇಳುತ್ತಲೇ ಇತ್ತು. ನಾನು ಬೇಕಂತಲೇ ಕಿಟಕಿ ತೆಗೆದು ಟಿವಿ ಸೌಂಡ್ ಜಾಸ್ತಿ ಮಾಡಿದ್ದೆ. ಲಯನ್ಸ್ ಗೆದ್ದರು. ಗೆದ್ದವರ ಹಾಡು ಹಾಕಿದರು. ಆ ಹಾಡಿನ ಧಾಟಿ ಫಿಟ್ಜ್‌ರಾಯ್‌ದೇ, ಫ್ರಾನ್ಸಿನ ರಾಷ್ಟ್ರಗೀತೆಯ ಧಾಟಿ, ಬ್ರಿಸ್ಬೇನ್‌ನವರು ಅದನ್ನೇ ಉಳಿಸಿಕೊಂಡಿದ್ದರು. ಮೆಷಿನ್ ನಿಂತಿತು. ನಾನು ಬೇಲಿ ಕಡೆ ನೋಡಲಿಲ್ಲ. ನೋಡಬಾರದು ಅನ್ನಿಸಿತು.

ಪಾಯಿಂಟ್‌ಕುಕ್_ಅಮ್ಮ

ಅಂಕಲ್, ಆಫೀಸಿನಲ್ಲಿ ಊಟಕ್ಕೆ ಕೂತು ಓದುತ್ತಿದ್ದೆ, ಅನ್ನ ತಣ್ಣಗಾಯಿತು.

ಟಾರ್ನೀಟ್_ಗೌಡ

ಸರ್, ನಮ್ಮ ಬುಲ್‌ಡಾಗ್ಸ್‌ಗೂ ಇದೇ ಗತಿ ಬರುವುದಿತ್ತು. 1989ರಲ್ಲಿ ಫುಟ್ಸ್‌ಕ್ರೇಯನ್ನು (ಆಗ ಕ್ಲಬ್ಬಿಗೆ ಅದೇ ಹೆಸರು) ಫಿಟ್ಜ್‌ರಾಯ್ ಜೊತೆಗೇ ಸೇರಿಸಿಬಿಡಲು ಹೊರಟಿದ್ದರು. ಜನ ಬಕೆಟ್ ಹಿಡಿದು ಮನೆಮನೆಗೆ ಹೋಗಿ ಚಿಲ್ಲರೆ ಎತ್ತಿದರು, ಕೋರ್ಟಿಗೂ ಹೋದರು, ಕೆಲವೇ ವಾರದಲ್ಲಿ ದುಡ್ಡು ಕೂಡಿಸಿ ಕ್ಲಬ್ ಉಳಿಸಿಕೊಂಡರು. 2016ರಲ್ಲಿ ಗೆದ್ದ ಮಾರನೇ ದಿನ ವಿಟನ್ ಓವಲ್‌ಗೆ ಹೋಗಿದ್ದೆ. ಸಾಲಿನಲ್ಲಿ ನನ್ನ ಮುಂದೆ ನಿಂತ ಹೆಂಗಸು "ಆ ಬಕೆಟ್‌ಗೆ ನಾನು ನನ್ನ ಹಾಲಿನ ದುಡ್ಡು ಹಾಕಿದ್ದೆ" ಅಂದರು. ಅದನ್ನು ಕೇಳಿ ನನಗೆ ಒಂಥರಾ ಮುಜುಗರ ಆಯಿತು. ಅವರು ಕಾಯ್ದದ್ದು ಅಷ್ಟು ವರ್ಷ, ನಾನು ಕಾಯ್ದದ್ದು ನಾಲ್ಕು. ಖುಷಿ ಮಾತ್ರ ಇಬ್ಬರಿಗೂ ಅಷ್ಟೇ.

ಪಾಯಿಂಟ್‌ಕುಕ್_ಅಮ್ಮ

ನನ್ನದು ಹೇಳುತ್ತೇನೆ. ನನಗೆ ಟೀಮ್ ಇರಲಿಲ್ಲ, ಈಗಲೂ ಅರ್ಧಂಬರ್ಧ. ಮಗಳಿಂದ ಬಂದದ್ದು.

2017ರ ಫೆಬ್ರವರಿ 3, ಶುಕ್ರವಾರ ಸಂಜೆ. ಎಎಫ್ಎಲ್ ಅಂದರೆ ಫುಟಿಯ ದೊಡ್ಡ ಲೀಗ್, ಅದರ ಹೆಣ್ಣುಮಕ್ಕಳ ಲೀಗ್‌ನ ಮೊಟ್ಟಮೊದಲ ಮ್ಯಾಚ್, ಕಾರ್ಲ್ಟನ್ ಮತ್ತು ಕಾಲಿಂಗ್‌ವುಡ್, ಪ್ರಿನ್ಸಸ್ ಪಾರ್ಕ್‌ನಲ್ಲಿ. ಟಿಕೆಟ್ ಫ್ರೀ. ಮಗಳಿಗೆ ಆಗ ಒಂಬತ್ತು. ಗಂಡಸರ ಮ್ಯಾಚಿಗೆ ಕರೆದರೆ ಬರುತ್ತಿರಲಿಲ್ಲ, ಇದಕ್ಕೆ ತಾನೇ ಗಂಟು ಬಿದ್ದಳು. ಸ್ಕೂಲ್ ಮುಗಿಸಿಕೊಂಡು, ಪುಳಿಯೋಗರೆ ಡಬ್ಬಿ ಕಟ್ಟಿಕೊಂಡು ಹೊರಟೆವು. ವೆಸ್ಟ್ ಗೇಟ್ ಸೇತುವೆಯ ಟ್ರಾಫಿಕ್ ನಿಮಗೆ ಗೊತ್ತೇ ಇದೆ. ಹೋಗುವಷ್ಟರಲ್ಲಿ ಗೇಟ್ ಮುಚ್ಚಿದ್ದರು. ಒಳಗೆ 24,568 ಜನ, ಜಾಗ ಇಲ್ಲ.

ಹೊರಗೆ ನಮ್ಮ ಹಾಗೆ ಸಾವಿರಾರು ಜನ. ಅಜ್ಜಿಯರು, ಪುಟ್ಟ ಹುಡುಗಿಯರು, ಹೆಗಲ ಮೇಲೆ ಮಗು ಕೂರಿಸಿಕೊಂಡ ಅಪ್ಪಂದಿರು. ಎಎಫ್ಎಲ್ ಮುಖ್ಯಸ್ಥರೇ ಹೊರಗೆ ಬಂದು ಜನರ ಹತ್ತಿರ ಕ್ಷಮೆ ಕೇಳಿದರು. ಮಗಳು ಅಳುತ್ತಾಳೆ ಅಂದುಕೊಂಡೆ. ಅವಳು ಬೇಲಿಗೆ ಕಿವಿ ಕೊಟ್ಟು, ಒಳಗಿನ ಗಲಾಟೆ ಕೇಳಿ, "ಅಮ್ಮ, ಇಷ್ಟು ಜನ ಹುಡುಗೀರನ್ನ ನೋಡೋಕೆ ಬಂದಿದ್ದಾರಾ?" ಅಂದಳು. ಹೂಂ ಅಂದೆ. ಪಾರ್ಕಿನ ಹುಲ್ಲಿನ ಮೇಲೆ ಕೂತು ಪುಳಿಯೋಗರೆ ತಿಂದು ವಾಪಸ್ ಬಂದೆವು. ಒಂದು ಬಾಲ್ ಕೂಡ ನೋಡಲಿಲ್ಲ.

ಮುಂದಿನ ವಾರ ಅವಳನ್ನು ನಮ್ಮ ಏರಿಯಾದ ಕ್ಲಬ್‌ಗೆ ಸೇರಿಸಿದೆ. ಅಲ್ಲಿಂದ ನನ್ನ ಭಾನುವಾರಗಳು ಹೋದವು. ಕ್ವಾರ್ಟರ್ ಬ್ರೇಕ್‌ಗೆ ಕಿತ್ತಳೆ ಹೋಳು ಮಾಡಿಕೊಡುವುದು, ಕ್ಯಾಂಟೀನ್‌ನಲ್ಲಿ ಸರದಿ, ಇಡೀ ಟೀಮಿನ ಜಂಪರ್ (ಆಟದ ಬನಿಯನ್) ಒಗೆಯುವ ಸರದಿ. ಇಪ್ಪತ್ತೆರಡು ಕೆಸರು ಜಂಪರ್ ನನ್ನ ವಾಷಿಂಗ್ ಮೆಷಿನ್‌ಗೆ ಹಾಕಿದ ದಿನ ಇವರು "ನಾವು ಟೆಂಟ್ ಹೌಸ್ ಇಟ್ಟಿದ್ದೀವಾ?" ಅಂತ ಕೇಳಿದರು. ನಮ್ಮಮ್ಮ ವಿಡಿಯೋ ಕಾಲ್‌ನಲ್ಲಿ ಮೊಮ್ಮಗಳ ಮಂಡಿ ನೋಡಿ, ಹೆಣ್ಣುಮಗು ಮೈಮೇಲೆ ಕಲೆ ಮಾಡಿಕೊಂಡರೆ ಹೇಗೆ ಅಂತ ಶುರು ಮಾಡಿದರು. ಮಗಳು ಇನ್ನೊಂದು ಮಂಡಿಯನ್ನೂ ತೋರಿಸಿದಳು.

ರಿಚ್ಮಂಡ್_ರಾಣಿ

ಅಕ್ಕ, ಆ ಹುಡುಗಿಗೆ ನನ್ನದೊಂದು ಸಲಾಂ.

ನನ್ನದು ಚಿಕ್ಕದು. 2020, ಎರಡನೇ ಲಾಕ್‌ಡೌನ್. ಒಂದು ಯೂನಿಟ್‌ನಲ್ಲಿ ಒಬ್ಬಳೇ ಇದ್ದೆ. ಪಕ್ಕದ ಯೂನಿಟ್‌ಗೂ ನನಗೂ ಒಂದೇ ಗೋಡೆ. ಅಲ್ಲಿದ್ದ ಆಂಟಿ ರಿಚ್ಮಂಡ್ ಅಭಿಮಾನಿ, ನಾನೂ ರಿಚ್ಮಂಡ್, ಅದೂ ಹೇಗೆಂದರೆ 2017ರಲ್ಲಿ ಅವರು 37 ವರ್ಷ ಆದ ಮೇಲೆ ಗೆದ್ದ ದಿನ ಸ್ವಾನ್ ಸ್ಟ್ರೀಟ್‌ನಲ್ಲಿ ಟ್ರಾಮ್ ಓಡದೆ ಸಿಕ್ಕಿಹಾಕಿಕೊಂಡು, ಯಾರೋ ಕೊರಳಿಗೆ ಹಳದಿ-ಕಪ್ಪು ಸ್ಕಾರ್ಫ್ ಹಾಕಿದರು, ಅದನ್ನು ತೆಗೆಯಲೇ ಇಲ್ಲ.

ಆ ವರ್ಷ ಗ್ರ್ಯಾಂಡ್ ಫೈನಲ್ ಮೆಲ್ಬರ್ನ್‌ನಲ್ಲಿ ಇಲ್ಲ, ಬ್ರಿಸ್ಬೇನ್‌ನ ಗಾಬಾದಲ್ಲಿ, ಅಕ್ಟೋಬರ್ 24ರ ರಾತ್ರಿ. ಯಾರ ಮನೆಗೂ ಯಾರೂ ಹೋಗುವ ಹಾಗಿಲ್ಲ. ಆಂಟಿ ಬಾಗಿಲ ಹತ್ತಿರ ದೂರ ನಿಂತು ಒಂದು ಪ್ಲಾನ್ ಹೇಳಿದರು: ನಮ್ಮ ಗೋಲ್ ಬಿದ್ದರೆ ಗೋಡೆಗೆ ಎರಡು ಸಲ ತಟ್ಟುವುದು, ಬಿಹೈಂಡ್ ಆದರೆ ಒಂದು ಸಲ. ಗೋಲ್ ಅಂಪೈರ್ ಗೋಲಿಗೆ ಎರಡು ಬಾವುಟ, ಬಿಹೈಂಡ್‌ಗೆ ಒಂದು ಬಾವುಟ ಬೀಸುತ್ತಾರಲ್ಲ, ಹಾಗೆ. ಅರ್ಧ ಆಟಕ್ಕೆ ಗೀಲಾಂಗ್ ಮುಂದೆ, ಗೋಡೆ ಹೆಚ್ಚುಕಮ್ಮಿ ಸುಮ್ಮನಿತ್ತು. ಆಮೇಲೆ ನಮ್ಮ ಡಸ್ಟಿನ್ ಮಾರ್ಟಿನ್ ಶುರು ಮಾಡಿದ. ನಾಲ್ಕು ಗೋಲ್. ಆಂಟಿಯ ಟಿವಿ ನನ್ನದಕ್ಕಿಂತ ಎರಡು ಸೆಕೆಂಡ್ ಮುಂದೆ ಇತ್ತು. ಹಾಗಾಗಿ ನನಗೆ ಪ್ರತಿ ಗೋಲ್ ಮೊದಲು ಗೋಡೆಯಿಂದ ಗೊತ್ತಾಗುತ್ತಿತ್ತು, ಆಮೇಲೆ ಟಿವಿಯಲ್ಲಿ. 31 ಪಾಯಿಂಟ್‌ನಲ್ಲಿ ಗೆದ್ದೆವು. ಕೊನೆಗೆ ಆಂಟಿ ತಟ್ಟಿದ ರಭಸಕ್ಕೆ ನನ್ನ ಕಡೆಯ ಕ್ಯಾಲೆಂಡರ್ ಬಿತ್ತು.

ಅವರ ಪೂರ್ತಿ ಹೆಸರು ಗೊತ್ತಾದದ್ದು ಅದರ ಮಾರನೇ ವರ್ಷ.

ಸಿಡ್ನಿ_ಸೀನ

ಸರಿ ಸರಿ, ಈಗ ನಾನೂ ಒಪ್ಪಿಕೊಳ್ಳಬೇಕು. ಮೊದಲು ಬರೆದದ್ದು ಸುಮ್ನೆ ಕಿಚಾಯಿಸಲಿಕ್ಕೆ.

2022ರ ಮಾರ್ಚ್ 25, ಶುಕ್ರವಾರ. ಆಫೀಸಿನವರು ಎಳೆದುಕೊಂಡು ಹೋದರು, ಎಸ್‌ಸಿಜಿಗೆ. ನಮ್ಮ ಸಿಡ್ನಿಯ ಸ್ವಾನ್ಸ್ ಮತ್ತು ಗೀಲಾಂಗ್. ಸ್ವಾನ್ಸ್‌ನ ಬಡ್ಡಿ ಫ್ರ್ಯಾಂಕ್ಲಿನ್‌ಗೆ ಸಾವಿರ ಗೋಲ್ ಆಗಲು ನಾಲ್ಕು ಬೇಕಿತ್ತು. ಅಲ್ಲಿಯವರೆಗೆ ಐದೇ ಜನ ಮುಟ್ಟಿದ್ದ ಲೆಕ್ಕ. ನನಗೆ ಅದು ಏನೂ ಗೊತ್ತಿಲ್ಲ, ನಾನು ಎಸ್‌ಸಿಜಿ ನೋಡಲು ಹೋದವನು. 2004ರಲ್ಲಿ ಸಚಿನ್ 241 ಹೊಡೆದ, ಕುಂಬ್ಳೆ 12 ವಿಕೆಟ್ ತೆಗೆದ ಗ್ರೌಂಡ್ ಅದು. ಕೊನೆಯ ಕ್ವಾರ್ಟರ್‌ನಲ್ಲಿ ಬಡ್ಡಿ ನಾಲ್ಕನೆಯದನ್ನು ಒದ್ದ. ಅಷ್ಟೇ. ಇಡೀ ಸ್ಟೇಡಿಯಂ ಬೇಲಿ ಹಾರಿತು. ಹೊಟ್ಟೆ ಬಂದ ಮ್ಯಾನೇಜರ್ ಹಾರಿದರು. ನಾನು ಹಾರಬಾರದು ಅಂದುಕೊಂಡೇ ಹಾರಿದೆ. ಬಡ್ಡಿ ಹತ್ತಿರ ಹೋಗಲು ಆಗಲಿಲ್ಲ, ತಲೆಗಳ ಸಮುದ್ರ. ನಾನು ನಡುವಿನ ಚೌಕಕ್ಕೆ ಹೋಗಿ, ಕುಂಬ್ಳೆ ಇಲ್ಲೆಲ್ಲೋ ನಿಂತಿದ್ದರು ಅಂತ ಅಂದಾಜು ಮಾಡಿ, ಬಗ್ಗಿ ಹುಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಪಕ್ಕದಲ್ಲಿದ್ದ ಸ್ವಾನ್ಸ್ ಹುಡುಗನೊಬ್ಬ ಇದು ಬಡ್ಡಿಗೆ ಮಾಡುವ ಏನೋ ಪೂಜೆ ಅಂದುಕೊಂಡು ತಾನೂ ಹಾಗೇ ಮಾಡಿದ.

ಅರ್ಧ ಗಂಟೆ ಆಟ ನಿಂತಿತ್ತು. ಅವತ್ತಿಂದ ನಾನು ಸ್ವಾನ್ಸ್. ಆ ಸೆಪ್ಟೆಂಬರ್‌ನಲ್ಲೇ ಗ್ರ್ಯಾಂಡ್ ಫೈನಲ್ ಮುಟ್ಟಿದೆವು, ಅದೇ ಗೀಲಾಂಗ್ ವಿರುದ್ಧ. 81 ಪಾಯಿಂಟ್‌ನಲ್ಲಿ ಸೋತೆವು. 2024ರಲ್ಲಿ ಮತ್ತೆ ಮುಟ್ಟಿದೆವು, 60 ಪಾಯಿಂಟ್‌ನಲ್ಲಿ ಸೋತೆವು. ಯಾರಾದರೂ ಏನಾದರೂ ಅಂದರೆ ನೋಡಿ.

ಮ್ಯಾಗ್ಪೈ_ಮೂರ್ತಿ

ಏನೂ ಅನ್ನಲ್ಲ ಗುರು. ಆರ್‌ಸಿಬಿ ನೋಡಿ ಬೆಳೆದವನಿಗೆ ಇದೆಲ್ಲ ಅಭ್ಯಾಸ ಇರುತ್ತದೆ.

ಪರ್ತ್_ಕೊಡವ

ಎಲ್ಲರೂ ಸಿಹಿ ನೆನಪು ಬರೆದಿದ್ದೀರಿ. ಸಿಹಿ ನನ್ನ ಹತ್ತಿರವೂ ಇದೆ. 2018ರ ಗ್ರ್ಯಾಂಡ್ ಫೈನಲ್‌ನಲ್ಲಿ ನಮ್ಮ ವೆಸ್ಟ್ ಕೋಸ್ಟ್‌ನ ಡಾಮ್ ಶೀಡ್ ಬೌಂಡರಿ ಗೆರೆಯ ಪಕ್ಕದಿಂದ, ಕಂಬಗಳ ಸಂದಿಯೇ ಕಾಣದ ಮೂಲೆಯಿಂದ ಒದ್ದ ಗೋಲ್. ಮೂರ್ತಿ ಅವರಿಗೆ ನೆನಪಿರುತ್ತದೆ, 79-74.

ಮ್ಯಾಗ್ಪೈ_ಮೂರ್ತಿ

ಬೇಕಿತ್ತಾ ಇದು? ಮೊದಲ ಐದು ಗೋಲ್ ನಮ್ಮವೇ ಆಗಿದ್ದವು.

ಪರ್ತ್_ಕೊಡವ

ಕ್ಷಮಿಸಿ. ಆದರೆ ನನ್ನ ತಲೆಯಲ್ಲಿ ಉಳಿದದ್ದು ಬೇರೆ ದಿನ.

ನಮ್ಮ ಕೊಡಗಿನಲ್ಲಿ ಹಾಕಿ ಹಬ್ಬ ಆಗುತ್ತದಲ್ಲ, ಅಲ್ಲಿ ಟೀಮ್ ಅಂದರೆ ಒಕ್ಕ, ಮನೆತನದ ಹೆಸರು. ಆಯ್ಕೆ ಅನ್ನುವುದೇ ಇಲ್ಲ. ಅದಕ್ಕೇ ಇಲ್ಲಿ ವೆಸ್ಟ್ ಕೋಸ್ಟ್ ಹಿಡಿದ ಮೇಲೆ ಅದನ್ನೂ ಹಾಗೇ ಹಿಡಿದೆ. ಸರಿಯೋ ತಪ್ಪೋ, ನಮ್ಮವರು.

2015ರ ಜುಲೈ 26, ಸುಬಿಯಾಕೋ. ಸಿಡ್ನಿ ವಿರುದ್ಧ ಆಟ. ಆಡಮ್ ಗೂಡ್ಸ್, ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್ಲೋ ಮೆಡಲ್ ಎರಡು ಸಲ ಗೆದ್ದ, ಮೂಲನಿವಾಸಿ ಆಟಗಾರ, ಹಿಂದಿನ ವರ್ಷವಷ್ಟೇ ದೇಶವೇ ಅವರನ್ನು 'ವರ್ಷದ ಆಸ್ಟ್ರೇಲಿಯನ್' ಅಂತ ಕರೆದಿತ್ತು. ಬಾಲ್ ಅವರ ಹತ್ತಿರ ಹೋದಾಗಲೆಲ್ಲ ಜನ ಬೂ ಅಂತ ಕೂಗುತ್ತಿದ್ದರು. ಎರಡು ವರ್ಷದ ಹಿಂದೆ ಗ್ಯಾಲರಿಯಿಂದ ಬಂದ ಜನಾಂಗದ ಬೈಗುಳವನ್ನು ಅವರು ಸಹಿಸದೆ ಕೈತೋರಿಸಿದ್ದರು. ಅಲ್ಲಿಂದ ಶುರುವಾದದ್ದು ಬೇರೆ ಬೇರೆ ಗ್ರೌಂಡ್‌ಗಳಲ್ಲಿ ಬೆಳೆಯುತ್ತಾ ಬಂದಿತ್ತು. ಅವತ್ತು ನಮ್ಮ ಗ್ರೌಂಡ್‌ನಲ್ಲಿ ಅದು ತುಂಬ ಜೋರಾಗಿತ್ತು. ಅದಾದ ಮೇಲೆ ಅವರು ಆಟದಿಂದ ಕೆಲವು ದಿನ ದೂರ ಉಳಿದರು, ಆ ವರ್ಷವೇ ನಿವೃತ್ತಿ ಆದರು.

ನಾನು ಕೂಗಲಿಲ್ಲ. ಇಷ್ಟು ದಿನ ಇದನ್ನೇ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ನನ್ನ ಎರಡೂ ಪಕ್ಕ ಕೂಗುತ್ತಿದ್ದರು, ಅವರ ಜೊತೆ ಚಿಪ್ಸ್ ಹಂಚಿಕೊಂಡು ಕೂತಿದ್ದೆ. ಸಾಕು ಮಾಡಿ ಅನ್ನಲಿಲ್ಲ. ಇನ್ನೊಂದು ದಿನ ರಸ್ತೆಯಲ್ಲಿ ಕಾರಿನಿಂದ ಯಾರೋ ನನ್ನ ಬಣ್ಣ ನೋಡಿ ಏನೋ ಕೂಗಿ ಹೋದಾಗ, ಬಸ್ ಸ್ಟಾಪಿನಲ್ಲಿದ್ದ ನಾಲ್ಕು ಜನ ಫೋನ್ ನೋಡುತ್ತಾ ನಿಂತಿದ್ದರು. ಆಗ ಸುಬಿಯಾಕೋ ನೆನಪಾಯಿತು. ನಾನೂ ಅವತ್ತು ಹೀಗೇ ಕೂತಿದ್ದೆ.

2019ರಲ್ಲಿ ಎಎಫ್ಎಲ್ ಮತ್ತು ಎಲ್ಲ 18 ಕ್ಲಬ್‌ಗಳು ಗೂಡ್ಸ್ ಅವರ ಕ್ಷಮೆ ಕೇಳಿದವು. ಅದೇ ವರ್ಷ ಪರ್ತ್‌ನ ಹೊಸ ಸ್ಟೇಡಿಯಂ ಹೊರಗೆ ಇನ್ನೊಬ್ಬ ಮೂಲನಿವಾಸಿ ಆಟಗಾರ ನಿಕಿ ವಿನ್‌ಮಾರ್ ಪ್ರತಿಮೆ ನಿಲ್ಲಿಸಿದರು. 1993ರಲ್ಲಿ ಕಾಲಿಂಗ್‌ವುಡ್‌ನ ವಿಕ್ಟೋರಿಯಾ ಪಾರ್ಕ್‌ನಲ್ಲಿ ಗ್ಯಾಲರಿಯವರ ಬೈಗುಳಕ್ಕೆ ಜಂಪರ್ ಎತ್ತಿ ತನ್ನ ಮೈಬಣ್ಣಕ್ಕೆ ಬೆರಳು ತೋರಿಸಿದರಲ್ಲ, ಅದೇ ಭಂಗಿ. ಮ್ಯಾಚಿಗೆ ಹೋಗುವಾಗಲೆಲ್ಲ ಅದರ ಪಕ್ಕ ಹಾದು ಹೋಗುತ್ತೇನೆ. ಜನ ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ. ನಾನು ಇನ್ನೂ ತೆಗೆಸಿಕೊಂಡಿಲ್ಲ.

ಮ್ಯಾಗ್ಪೈ_ಮೂರ್ತಿ

ಆ ವಿಕ್ಟೋರಿಯಾ ಪಾರ್ಕ್ ಗ್ಯಾಲರಿ ನಮ್ಮವರದು. ನಾನು ಆಗ ಇಲ್ಲಿರಲಿಲ್ಲ ಅಂತ ತಪ್ಪಿಸಿಕೊಳ್ಳಬಹುದು. ಆದರೆ 1990ರ ಕಪ್ ನಮ್ಮದು ಅಂತ ಎದೆ ತಟ್ಟಿಕೊಳ್ಳುತ್ತೇನೆ, ಆಗಲೂ ನಾನು ಇಲ್ಲಿರಲಿಲ್ಲ. ಒಂದು ಬೇಕು, ಇನ್ನೊಂದು ಬೇಡ ಅಂದರೆ ಆಗುವುದಿಲ್ಲ.

ಹಳೇಬೇರು

ಕೊಡವರೇ, ಬರೆದದ್ದು ಒಳ್ಳೆಯದಾಯಿತು.

ಹೊಸದಾಗಿ_ಬಂದವ

ಎಲ್ಲರದ್ದೂ ಓದಿದೆ. ನನ್ನದಿನ್ನೂ ನೆನಪು ಅನ್ನುವಂಥದ್ದು ಇಲ್ಲ. ಕೆಲಸದ ಜಾಗದಲ್ಲಿ ಟಿಪ್ಪಿಂಗ್ ಅಂತ ಮಾಡುತ್ತಾರೆ, ಪ್ರತಿ ವಾರ ಯಾರು ಗೆಲ್ಲುತ್ತಾರೆ ಅಂತ ಹೇಳಬೇಕು. ನನಗೆ ಏನೂ ಗೊತ್ತಿಲ್ಲದ ಕಾರಣ ಟೀಮಿನ ಅಡ್ಡಹೆಸರಿನ ಪ್ರಾಣಿ ನೋಡಿ ಟಿಕ್ ಹಾಕುತ್ತೇನೆ. ಹುಲಿ ಮತ್ತು ಹಂಸ ಅಂದರೆ ಹುಲಿ. ಸಿಂಹ ಮತ್ತು ಬೆಕ್ಕು ಅಂದರೆ ಸಿಂಹ. ದೆವ್ವ ಮತ್ತು ಸಂತ ಬಂದಾಗ ಮಾತ್ರ ಸ್ವಲ್ಪ ಯೋಚನೆ ಆಯಿತು, ಸಂತನಿಗೆ ಹಾಕಿದೆ. ಈಗ ನಾನು ಮೂರನೇ ಸ್ಥಾನದಲ್ಲಿದ್ದೇನೆ. ಮೂವತ್ತು ವರ್ಷದಿಂದ ಫುಟಿ ನೋಡುವವರು ನನ್ನ ಹತ್ತಿರ ಬಂದು ಈ ವಾರ ಯಾರು ಅಂತ ಪಿಸುಮಾತಿನಲ್ಲಿ ಕೇಳುತ್ತಾರೆ.

ಟೀಮ್ ಯಾವುದು ಇಟ್ಟುಕೊಳ್ಳಲಿ? ರೂಮ್ ಇರುವುದು ಸನ್‌ಶೈನ್‌ನಲ್ಲಿ.

ಟಾರ್ನೀಟ್_ಗೌಡ

ಸನ್‌ಶೈನ್ ಅಂದಮೇಲೆ ಕೇಳುವುದೇನಿದೆ! ಬುಲ್‌ಡಾಗ್ಸ್. ಶನಿವಾರ ನನ್ನ ಹತ್ತಿರ ಒಂದು ಟಿಕೆಟ್ ಜಾಸ್ತಿ ಇದೆ. ಫುಟ್ಸ್‌ಕ್ರೇ ಸ್ಟೇಷನ್ ಪ್ಲಾಟ್‌ಫಾರ್ಮ್‌ನಲ್ಲಿ ಹನ್ನೆರಡೂವರೆಗೆ ಸಿಗು. ದಪ್ಪ ಜಾಕೆಟ್ ಹಾಕಿಕೊಂಡು ಬಾ, ಒಳಗೆ ಸ್ವೆಟರ್ ಕೂಡ.

ಪಾಯಿಂಟ್‌ಕುಕ್_ಅಮ್ಮ

ಊಟ ಕಟ್ಟಿಕೊಂಡು ಹೋಗಿ. ಅಲ್ಲಿ ಪೈ ಬಿಟ್ಟರೆ ಚಿಪ್ಸ್, ಚಿಪ್ಸ್ ಬಿಟ್ಟರೆ ಪೈ.

ಹಳೇಬೇರು ಅಂಕಲ್, ಒಂದು ಕೇಳಬೇಕು ಅಂತ ಆಗಿನಿಂದ ಅಂದುಕೊಳ್ಳುತ್ತಿದ್ದೇನೆ. ಆ ಅಜ್ಜನ ಫಿಟ್ಜ್‌ರಾಯ್ ಸ್ಕಾರ್ಫ್ ಏನಾಯಿತು?

ಹಳೇಬೇರು

ಅವರು ಹೋದ ಮೇಲೆ ಅವರ ಮಗಳು ತಂದು ನನಗೆ ಕೊಟ್ಟಳಮ್ಮ. ಕೆಂಪು, ನೀಲಿ, ಹಳದಿ ಪಟ್ಟೆ, ಒಂದು ತುದಿ ಎಳೆ ಬಿಟ್ಟಿದೆ. ತುಂಬ ದಿನ ಬೀರುವಿನಲ್ಲಿತ್ತು. ಹೋದ ಚಳಿಗಾಲದಲ್ಲಿ ಮೊಮ್ಮಗಳು ಬೆಚ್ಚಗಿದೆ ಅಂತ ತಗೊಂಡು ಹೋದಳು, ಈಗ ಮ್ಯಾಚಿಗೆಲ್ಲ ಅದನ್ನೇ ಸುತ್ತಿಕೊಂಡು ಹೋಗುತ್ತಾಳೆ.

ಅವಳು ಕಾರ್ಲ್ಟನ್. ಮುದುಕಪ್ಪನಿಗೆ ಯಾರೂ ಹೇಳಬೇಡಿ.